ಡಾಕ್ಟರಿಗೂ ಚಂದಾ

ಪಕ್ಕದ ಮನೆ ಸಾವಿತ್ರಮ್ಮನವರ ಮಗ ಸಿಯಾಟಲ್‌ನಲ್ಲಿ ಡಾಕ್ಟರಿಗೆ ಚಂದಾ ಕಟ್ಟಿದ್ದಾನಂತೆ. "ಸುಧಾಕ್ಕೆ ಕಟ್ತೀವಿ, ತರಂಗಕ್ಕೆ ಕಟ್ತೀವಿ, ಡಾಕ್ಟ್ರಿಗೂ ಚಂದಾನೇನ್ರೀ?" ಅಂತ ಕಾಂಪೌಂಡ್ ಗೋಡೆಗೆ ಮೊಣಕೈ ಊರಿದರು. ಅವರಿಗೆ ಬೇಕಿದ್ದದ್ದು ಉತ್ತರವಲ್ಲ, ಕುಕ್ಕರ್ ಮೂರು ಸಲ ಕೂಗುವ ತನಕ ಮಾತು. ನನಗೂ ಅಷ್ಟೇ.

ಆದರೆ ಸಂಗತಿ ನಿಜ. ಡಾಕ್ಟರಿಗೆ ಚಂದಾ ಕಟ್ಟೋದು ಬೇರುಬಿಟ್ಟದ್ದೂ ಆ ಸಿಯಾಟಲ್‌ನಲ್ಲೇ. ಸೂಪರ್‌ಸಾನಿಕ್ಸ್ ಅನ್ನೋ ಬ್ಯಾಸ್ಕೆಟ್‌ಬಾಲ್ ತಂಡದ ವೈದ್ಯರಾಗಿದ್ದ ಹೊವರ್ಡ್ ಮ್ಯಾರನ್ ಎಂಬವರು 1996ರಲ್ಲಿ ಹೊಸ ಪದ್ಧತಿ ಹಾಕಿದರು. ಒಬ್ಬ ಡಾಕ್ಟರಿಗೆ ಬರೀ ಐವತ್ತು ಕುಟುಂಬ, ವರ್ಷಕ್ಕೆ ಸಾವಿರಾರು ಡಾಲರ್. ಆಟಗಾರರಿಗೆ ಸಿಗುವ ಆರೈಕೆ ದುಡ್ಡಿದ್ದವರಿಗೂ ಸಿಗಲಿ ಅಂತ. 2000ದಲ್ಲಿ ಫ್ಲಾರಿಡಾದಲ್ಲಿ ಎಂಡಿವಿಐಪಿ ಅನ್ನೋ ಕಂಪನಿ ಬಂತು. ಹೆಸರಿನಲ್ಲೇ ವಿಐಪಿ, ಮುಚ್ಚುಮರೆ ಇಲ್ಲ! ಅಲ್ಲಿ ಡಾಕ್ಟರಿಗೆ 600 ಜನರ ಮಿತಿ. ಮಾಮೂಲಿ ಅಮೆರಿಕನ್ ಡಾಕ್ಟರ ಪಟ್ಟಿಯಲ್ಲಿ 2,000ದ ಆಸುಪಾಸು ಹೆಸರಿರುತ್ತೆ.

"ಇನ್ಶೂರೆನ್ಸ್ ಇಲ್ವಾ ಅವನಿಗೆ?"

"ಅದನ್ನೂ ಕಟ್ಟಬೇಕು ಕಣ್ರೀ. ಆಪರೇಷನ್ ಅಂತ ಆಸ್ಪತ್ರೆ ಸೇರಿದರೆ ಈ ಚಂದಾ ಕೆಲಸಕ್ಕೆ ಬರಲ್ಲ."

"ಹಾಗಾದ್ರೆ ಎರಡು ಕಡೆ ದಕ್ಷಿಣೆ!" ಅಂದರು ಸಾವಿತ್ರಮ್ಮ.

ಈ ಚಂದಾದಲ್ಲೇ ಕೈಗೆಟುಕುವ ಇನ್ನೊಂದು ಬಗೆ ಇದೆ, ಡೈರೆಕ್ಟ್ ಪ್ರೈಮರಿ ಕೇರ್. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಆಯ್ತು, ಡಾಕ್ಟರು ಇನ್ಶೂರೆನ್ಸ್ ಕಂಪನಿಗೆ ಬಿಲ್ಲೇ ಕಳಿಸೋದಿಲ್ಲ. ಬಿಲ್ ಬರೆಯೋ ಗುಮಾಸ್ತರ ಸಂಬಳ ಉಳಿಯುತ್ತೆ, ರೋಗಿಯ ಜೊತೆ ಅರ್ಧ ಗಂಟೆ ಕೂರೋಕೆ ಪುರುಸೊತ್ತಾಗುತ್ತೆ. ಒಬ್ಬರಿಗೆ ತಿಂಗಳಿಗೆ 150 ಡಾಲರ್ ಮೀರದಿದ್ದರೆ ತೆರಿಗೆಯಿಲ್ಲದ ಆರೋಗ್ಯ ಉಳಿತಾಯ ಖಾತೆಯಿಂದಲೇ ಕೊಡಬಹುದು ಅಂತ 2026ರ ಜನವರಿಯಿಂದ ಕಾನೂನೂ ಬಂದಿದೆ.

ಸಾವಿತ್ರಮ್ಮ ಒಪ್ಪಲಿಲ್ಲ. "ನಮ್ಮ ಮಂಡ್ಯದ ಡಾಕ್ಟ್ರು ಶಂಕರೇಗೌಡ್ರು ಐದು ರೂಪಾಯಿಗೆ ನೋಡ್ತಿದ್ರಲ್ಲ!" ನೋಡಿದ್ದು ನಿಜ, ಆದರೆ ಅವರ ಮುಂದೆ ಎಷ್ಟುದ್ದ ಸಾಲು ಅಂತ ಸಾವಿತ್ರಮ್ಮನಿಗೂ ಗೊತ್ತು. ಸಾಲು ಉದ್ದವಾದಷ್ಟೂ ಹೊತ್ತು ಗಿಡ್ಡ. ಡಾಕ್ಟರು ಒಬ್ಬ ರೋಗಿಗೆ ಕೊಡೋ ಹೊತ್ತನ್ನ ಸಂಶೋಧಕರು 2017ರಲ್ಲಿ ಲೆಕ್ಕ ಹಾಕಿದ್ದರು. ಸ್ವೀಡನ್‌ನಲ್ಲಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ನಮ್ಮಲ್ಲಿ ಎರಡು ನಿಮಿಷ ಚಿಲ್ಲರೆ. ಅಷ್ಟರಲ್ಲಿ "ಮಂಡಿ ನೋವು" ಅನ್ನಬಹುದು, "ಸೊಸೆ ಮಾತಾಡಿಸಲ್ಲ, ನಿದ್ದೆ ಬರಲ್ಲ" ಅನ್ನೋಕಾಗಲ್ಲ. ಸಾವಿತ್ರಮ್ಮನ ಬಿ.ಪಿ.ಗೆ ಎರಡನೆಯದೇ ಕಾರಣ ಅಂತ ನನ್ನ ಅನುಮಾನ, ಹೇಳೋ ಧೈರ್ಯ ಇಲ್ಲ.

ನನಗೆ ಮುಳ್ಳಾಗಿರೋದು ಬೇರೆ. ಎರಡು ಸಾವಿರ ಜನರನ್ನ ನೋಡುತ್ತಿದ್ದ ಡಾಕ್ಟರು ಆರುನೂರಕ್ಕೆ ಇಳಿದರೆ ಉಳಿದ ಸಾವಿರದ ನಾನೂರು ಜನ ಎಲ್ಲಿ ಹೋಗಬೇಕು? ಇನ್ನೊಬ್ಬರ ಸಾಲಿಗೆ. ಆ ಸಾಲು ಮೊದಲೇ ಬೆಳೆದಿದೆ, ಡಾಕ್ಟರುಗಳ ಸಂಖ್ಯೆ ಅಷ್ಟು ಬೆಳೆದಿಲ್ಲ. ಹಾಗಂತ ಚಂದಾ ಕಟ್ಟಿದ ಹುಡುಗನನ್ನ ಬೈಯಲಾರೆ. ಜ್ವರ ಬಂದ ಮಗುವನ್ನ ಎತ್ತಿಕೊಂಡವನಿಗೆ ಸಮಾಜಶಾಸ್ತ್ರ ಹೇಳೋಕಾಗುತ್ತಾ?

ನಿಮ್ಮ ಮಕ್ಕಳೂ ಅಮೆರಿಕದಲ್ಲಿದ್ದರೆ ಈ ಭಾನುವಾರ ಫೋನಿನಲ್ಲಿ ಒಂದೇ ಮಾತು ಕೇಳಿ: ಚಂದಾ ಇದೆ ಅಂತ ಇನ್ಶೂರೆನ್ಸ್ ಬಿಟ್ಟಿಲ್ಲ ತಾನೇ?