ಬಹಿಷ್ಕಾರ ಮೀಮಾಂಸೆ: ಬೈದವರಿಗೂ ರಾಯಧನ ಸಲ್ಲಬೇಕೆಂಬ ವಾದ

ಒಂದು ಹಾಡಿಗೆ ಯಾರು ಯಾರು ಹಕ್ಕುದಾರರು ಎಂಬುದನ್ನು ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಸ್ಪಷ್ಟಪಡಿಸಿದೆ: ಬರೆದವರು, ರಾಗ ಹಾಕಿದವರು, ಧ್ವನಿಮುದ್ರಣಕ್ಕೆ ದುಡ್ಡು ಹಾಕಿದವರು. 2012ರ ತಿದ್ದುಪಡಿ ಬಂದ ಮೇಲೆ ಗೀತರಚನೆಕಾರರೂ ಸಂಗೀತ ನಿರ್ದೇಶಕರೂ ತಮ್ಮ ರಾಯಧನದ ಪಾಲನ್ನು ಬರೆದುಕೊಟ್ಟು ಕಳೆದುಕೊಳ್ಳುವ ಹಾಗಿಲ್ಲ. ಆದರೆ ಹಾಡಿನ ಹೆಸರೇ ತಲುಪದ ಊರಿನಲ್ಲೂ ಅದನ್ನು ಮನೆಮಾತು ಮಾಡುವ ಆಕ್ಷೇಪಕನ ಬಗ್ಗೆ ಕಾಯ್ದೆ ಚಕಾರ ಎತ್ತುವುದಿಲ್ಲ. ಸ್ವಂತ ಖರ್ಚಿನಲ್ಲಿ ಮನವಿ ಪತ್ರಕ್ಕೆ ನಾಲ್ಕು ಜೆರಾಕ್ಸ್ ಮಾಡಿಸಿ, ಟೈರು ಹೊಂದಿಸಿ, ಡಿ.ಸಿ. ಕಚೇರಿ ಮುಂದೆ ಟಿ.ವಿ.ಯವರು ಬರುವ ತನಕ ಘೋಷಣೆ ತಡೆಹಿಡಿದುಕೊಂಡು ನಿಂತವನಿಗೆ ಕೊನೆಗೆ ದಕ್ಕುವುದು ಬಿಸಿಲು ಮಾತ್ರ. ಈ ಅನ್ಯಾಯವನ್ನು ಶಾಸ್ತ್ರೋಕ್ತವಾಗಿ ನಿರೂಪಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ. ಯಾವ ಋಷಿಯೂ ಬರೆದಿಡದ ಕಾರಣ ಸೂತ್ರವನ್ನು ನಾವೇ ರಚಿಸಿಕೊಳ್ಳಬೇಕಾಯಿತು: ನಿಷೇಧಾತ್ ಪ್ರಸಿದ್ಧಿಃ, ಪ್ರಸಿದ್ಧೇರ್ವಿಕ್ರಯಃ.

ಪ್ರಮಾಣಗಳಲ್ಲಿ ಅಗ್ರಪೂಜೆ ಬಿ.ವಿ. ಕೇಸ್ಕರ್ ಅವರಿಗೆ ಸಲ್ಲಬೇಕು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ ವಹಿಸಿಕೊಂಡ ಅವರಿಗೆ ಸಿನಿಮಾ ಹಾಡುಗಳಿಂದ ದೇಶದ ಕಿವಿ ಕೆಡುತ್ತಿದೆ ಎಂಬ ಪ್ರಾಮಾಣಿಕ ಕಳವಳವಿತ್ತು. ಆಕಾಶವಾಣಿಯಿಂದ ಚಿತ್ರಗೀತೆಗಳು ಹೊರನಡೆದವು, ಶಾಸ್ತ್ರೀಯ ಸಂಗೀತಕ್ಕೆ ಹೆಚ್ಚು ಹೊತ್ತು ಸಿಕ್ಕಿತು. ಜನ ತಲೆದೂಗಿದರೇ? ರೇಡಿಯೋದ ಬಿರಡೆ ತಿರುಗಿಸಿ ಸೀದಾ ಸಿಲೋನಿಗೆ ಹೋದರು. ಅದೇ ವರ್ಷದ ಕೊನೆಗೆ ಅಲ್ಲಿಂದ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ಶುರುವಾಯಿತು. ಬುಧವಾರ ರಾತ್ರಿಯಾದರೆ ಸಾಕು, ನಿರೂಪಕ ಅಮೀನ್ ಸಯಾನಿಯವರ ದನಿಗಾಗಿ ಜನ ರೇಡಿಯೋ ಸುತ್ತ ಗುಂಪುಗೂಡತೊಡಗಿದರು. ಕಾರ್ಯಕ್ರಮಕ್ಕೆ ಹಣ ಹಾಕಿದ್ದು ಹಲ್ಲುಜ್ಜುವ ಪೇಸ್ಟಿನ ಕಂಪನಿ. ದೇಶದ ಕಿವಿ ಉಳಿಸಲು ಹೊರಟ ಸಚಿವರು ಉಳಿಸಿದ್ದು ಹಲ್ಲುಗಳನ್ನು ಎಂದು ಇತಿಹಾಸಕಾರರು ಇನ್ನಾದರೂ ದಾಖಲಿಸಬೇಕು. 1957ರ ಅಕ್ಟೋಬರಿನಲ್ಲಿ, ಕೇಸ್ಕರ್ ಸಚಿವರಾಗಿರುವಾಗಲೇ, ಸರ್ಕಾರ ವಿವಿಧ ಭಾರತಿ ತೆರೆದು ಹೊರಹಾಕಿದ ಹಾಡುಗಳನ್ನು ಮರ್ಯಾದೆಯಿಂದ ಒಳಗೆ ಕರೆದುಕೊಂಡಿತು. ಸಿಲೋನ್ ರೇಡಿಯೋದವರು ಈ ಮಹನೀಯರಿಗೆ ಒಂದು ಹಾರವನ್ನಾದರೂ ಕಳಿಸಬಹುದಿತ್ತು.

ಸೂತ್ರ ಸಾರ್ವತ್ರಿಕವೆಂದು ಸ್ಥಾಪಿಸಲು ಸಮುದ್ರೋಲ್ಲಂಘನ ಅನಿವಾರ್ಯ. 1984ರ ಜನವರಿಯಲ್ಲಿ ಬ್ರಿಟನ್ನಿನ ಫ್ರಾಂಕಿ ಗೋಸ್ ಟು ಹಾಲಿವುಡ್ ತಂಡದ ‘ರಿಲ್ಯಾಕ್ಸ್’ ಹಾಡು ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯ ಆರನೇ ಸ್ಥಾನದಲ್ಲಿತ್ತು. ಅದು ಅಸಭ್ಯವೆಂದು ಬಿಬಿಸಿ ರೇಡಿಯೋ ನಿರೂಪಕ ಮೈಕ್ ರೀಡ್ ಪ್ರಸಾರದಲ್ಲೇ ಮುಖ ಸಿಂಡರಿಸಿದರು. ಬಿಬಿಸಿ ಹಾಡನ್ನು ಕೈಬಿಟ್ಟಿತು. ಎರಡೇ ವಾರದಲ್ಲಿ ಹಾಡು ಮೊದಲ ಸ್ಥಾನಕ್ಕೇರಿ ಐದು ವಾರ ಅಲ್ಲಿಂದ ಕದಲಲಿಲ್ಲ. ಆಗ ಬಿಬಿಸಿಯದೇ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮದ ಪಾಡು ನೋಡಬೇಕಿತ್ತು. ದೇಶದ ನಂಬರ್ ಒನ್ ಹಾಡಿನ ಸರದಿ ಬಂದಾಗ ತಂಡದ ಒಂದು ಫೋಟೋ ತೋರಿಸಿ, ಬೇರೆ ಯಾರದೋ ಹಾಡು ಹಾಕಿ ಮುಗಿಸುತ್ತಿದ್ದರು. ಅಮೆರಿಕದ ಉದಾಹರಣೆ ಇನ್ನೂ ಸೊಗಸು. ಗಾಯಕ ಪ್ರಿನ್ಸ್‌ನ ಒಂದು ಹಾಡಿನಿಂದ ಮನನೊಂದ, ಸೆನೆಟರೊಬ್ಬರ ಪತ್ನಿ ಟಿಪ್ಪರ್ ಗೋರ್ ಮತ್ತು ಸಂಗಡಿಗರ ಒತ್ತಾಯದ ಫಲವಾಗಿ 1985ರ ಸೆಪ್ಟೆಂಬರಿನಲ್ಲಿ ಸೆನೆಟ್ ಸಮಿತಿ ಹಾಡುಗಳ ಸಾಹಿತ್ಯದ ವಿಚಾರಣೆಗೆ ಕೂತಿತು. ಸಾಕ್ಷಿ ಹೇಳಲು ಬಂದ ಸಂಗೀತಗಾರ ಫ್ರಾಂಕ್ ಝಾಪ್ಪಾ ವಾದ ಮಾಡಿ ಸುಮ್ಮನೆ ಹೋಗಲಿಲ್ಲ. ವಿಚಾರಣೆಯ ಧ್ವನಿಮುದ್ರಣದಿಂದ ಸೆನೆಟರುಗಳ ಮಾತನ್ನೇ ಕತ್ತರಿಸಿ ಜೋಡಿಸಿ, ಅದೇ ವರ್ಷ ತನ್ನ ಆಲ್ಬಮ್ಮಿನಲ್ಲಿ ಹನ್ನೆರಡು ನಿಮಿಷದ ಒಂದು ಕೃತಿ ಮಾಡಿ ಮಾರಿದ. ಹಾಡುಗಳನ್ನು ಖಂಡಿಸಲು ಕೂತ ಜನಪ್ರತಿನಿಧಿಗಳೇ ಗಾಯಕರಾದ ಈ ಪ್ರಸಂಗ ನಮ್ಮ ವಾದದ ಬೆನ್ನೆಲುಬು: ಗಾಯಕರೆಂದ ಮೇಲೆ ರಾಯಧನ ಕೊಡಬೇಡವೇ? ತಂದೆತಾಯಿಗಳನ್ನು ಎಚ್ಚರಿಸಲೆಂದು ಇದರ ಫಲವಾಗಿ ಆಲ್ಬಮ್ಮುಗಳ ಮೇಲೆ ಬಂದ ಕಪ್ಪು ಬಿಳುಪು ಚೀಟಿಯನ್ನು ಅವರ ಮಕ್ಕಳು ಹುಡುಕಿ ಹುಡುಕಿ ಓದಿದರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪೂರ್ವಪಕ್ಷ. ನಿಷೇಧವಾದದ್ದೆಲ್ಲ ಗೆಲ್ಲುವುದಾದರೆ ‘ಥಗ್ ಲೈಫ್’ ಏಕೆ ಸೋತಿತು ಎಂದು ಕೇಳುವವರಿದ್ದಾರೆ. ಕನ್ನಡ ತಮಿಳಿನಿಂದ ಹುಟ್ಟಿದ್ದೆಂಬ ಕಮಲ್ ಹಾಸನ್ ಮಾತಿಗೆ 2025ರ ಜೂನ್‌ನಲ್ಲಿ ಅವರ ಆ ಚಿತ್ರ ಕರ್ನಾಟಕದಲ್ಲಿ ತೆರೆ ಕಾಣಲಿಲ್ಲ. ಗುಂಪುಗಳ ಬೆದರಿಕೆಗೆ ಕಾನೂನು ಮಣಿಯಬಾರದೆಂದು ಸುಪ್ರೀಂ ಕೋರ್ಟ್ ರಾಜ್ಯಕ್ಕೆ ಹೇಳಬೇಕಾಯಿತು. ಅಷ್ಟಾದರೂ ತೆರೆ ಕಂಡ ಕಡೆಗಳಲ್ಲೂ ಜನ ಬರಲಿಲ್ಲ. ಇದಕ್ಕೆ ಸಮಾಧಾನವಿದೆ. ವಿವಾದ ಕೃತಿಯೊಳಗಿರಬೇಕು, ಟಿಕೆಟ್ ಕೊಂಡರೆ ಮಾತ್ರ ಕಾಣುವಂತಿರಬೇಕು. ವೇದಿಕೆ ಮೇಲೆ ಬಿಟ್ಟಿಯಾಗಿ ಆಡಿದ ಮಾತನ್ನು ಬಿಟ್ಟಿಯಾಗಿಯೇ ಬೈಯಬಹುದಾದ್ದರಿಂದ ಯಾರೂ ಚಿತ್ರಮಂದಿರಕ್ಕೆ ಹೋಗುವ ಅಗತ್ಯ ಬೀಳಲಿಲ್ಲ. ಹಿಂದಿಯ ‘ಪದ್ಮಾವತಿ’ ಚಿತ್ರದ ಕಥೆ ಬೇರೆ: ವಿವಾದ ಚಿತ್ರದೊಳಗೇ ಇತ್ತು. ಅಲ್ಲಿ ಹೆಸರಿಗೆ ಲೋಪಸಂಧಿ ಮಾಡಿ ಕೊನೆಯ ಇಕಾರ ತೆಗೆದರು, ಸಿಟ್ಟು ಅಷ್ಟಕ್ಕೂ ಇಳಿಯಲಿಲ್ಲ, ಚಿತ್ರ 2018ರ ಜನವರಿಯಲ್ಲಿ ಬಂದು ಭರ್ಜರಿಯಾಗಿ ಓಡಿತು.

ಎರಡನೆಯ ಆಕ್ಷೇಪ ಇಷ್ಟು ಹಗುರವಲ್ಲ. 1992ರ ಅಕ್ಟೋಬರಿನಲ್ಲಿ ಐರಿಷ್ ಗಾಯಕಿ ಸಿನೇಡ್ ಓ'ಕಾನರ್ ಅಮೆರಿಕದ ಟಿ.ವಿ. ನೇರಪ್ರಸಾರದಲ್ಲಿ ಪೋಪ್ ಚಿತ್ರವನ್ನು ಹರಿದು ಹಾಕಿದಳು. ಚರ್ಚಿನೊಳಗೆ ಮಕ್ಕಳ ಮೇಲೆ ನಡೆದ ದೌರ್ಜನ್ಯದ ವಿರುದ್ಧದ ಸಿಟ್ಟು ಅದು. ಎರಡು ವಾರದೊಳಗೆ ನ್ಯೂಯಾರ್ಕಿನ ಸಂಗೀತ ಸಭೆಯೊಂದರಲ್ಲಿ ಜನ ಕೂಗಿ ಅವಳನ್ನು ಹಾಡಗೊಡಲಿಲ್ಲ. ಅವಳ ದನಿಮುದ್ರಿಕೆಗಳನ್ನು ರಸ್ತೆಯಲ್ಲಿ ಹಾಕಿ ರೋಲರ್ ಹರಿಸಿದರು. ಅಮೆರಿಕದ ಮಾರುಕಟ್ಟೆಯಲ್ಲಿ ಹಿಂದಿನ ಸ್ಥಾನ ಅವಳಿಗೆ ಮತ್ತೆ ಸಿಗಲಿಲ್ಲ. ಹಾಗೆಯೇ 1990ರಲ್ಲಿ 2 ಲೈವ್ ಕ್ರೂ ತಂಡದ ಆಲ್ಬಮ್ ಅಶ್ಲೀಲವೆಂದು ಫ್ಲಾರಿಡಾದ ನ್ಯಾಯಾಲಯ ತೀರ್ಪಿತ್ತಾಗ ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಯಿತು, ಮೇಲಿನ ಕೋರ್ಟು ಮುಂದೆ ತೀರ್ಪನ್ನೇ ತಳ್ಳಿಹಾಕಿತು. ಆದರೆ ಅದನ್ನು ಮಾರಿದ ಸಣ್ಣ ಅಂಗಡಿಕಾರನೊಬ್ಬ ಕೈಕೋಳ ತೊಟ್ಟು ಅಪರಾಧಿ ಎನಿಸಿಕೊಂಡ. ಹೀಗಾಗಿ ಸೂತ್ರಕ್ಕೆ ಒಂದು ವಾರ್ತಿಕ ಸೇರಿಸದೆ ವಿಧಿಯಿಲ್ಲ: ಮಾರಾಟಕ್ಕಿಟ್ಟ ಅಪಚಾರ ಲಾಭ ತರುತ್ತದೆ, ಮಾರಾಟಕ್ಕಿಲ್ಲದ ಮಾತು ನಷ್ಟ ತರುತ್ತದೆ, ಎರಡರ ನಡುವೆ ಸಿಕ್ಕಿದವನಿಗೆ ಪೊಲೀಸರು ಬರುತ್ತಾರೆ. ಅಭಿವ್ಯಕ್ತಿ ಸ್ವಾತಂತ್ರ್ಯದ ಹೆಸರಲ್ಲಿ ಕಂಪನಿಗಳು ಹೊರಡಿಸುವ ಹೇಳಿಕೆಗಳಲ್ಲಿ ಈ ವಾರ್ತಿಕವನ್ನು ಸಾಮಾನ್ಯವಾಗಿ ಬಿಟ್ಟಿರುತ್ತಾರೆ.

ರಾಯಧನ ಕೊಟ್ಟರೆ ಸುಳ್ಳು ಕೋಪ ಹೆಚ್ಚುತ್ತದೆಂಬುದು ಕೊನೆಯ ಆಕ್ಷೇಪ. ಈಗ ತಾನೇ ಯಾವ ಕೋಪ ಸ್ವಂತದ್ದು, ಯಾವುದು ಬಾಡಿಗೆಯದು ಎಂದು ಪತ್ತೆ ಹಚ್ಚಲು ಏನಿದೆ? ರಸೀದಿ ಇದ್ದರೆ ತಿಳಿಯುತ್ತದೆ. ಆದಕಾರಣ ಮನನೊಂದ ಮಹಾಜನರಲ್ಲಿ ವಿನಂತಿ: ಮುಂದಿನ ಹಾಡಿನ ಪ್ರತಿಕೃತಿ ದಹನಕ್ಕೆ ಮುಂಚೆ ನಿರ್ಮಾಪಕರಿಂದ ಛಾಪಾ ಕಾಗದದ ಮೇಲೆ ಕರಾರು ಮಾಡಿಸಿಕೊಳ್ಳಿ, ಮುಂಗಡ ಪಡೆಯಿರಿ, ಸೀಮೆಎಣ್ಣೆಯ ಬಿಲ್ಲನ್ನು ಜೋಪಾನವಾಗಿಡಿ.