ಚರಂಡಿ ಸಾಹೇಬರು

ಎರಡನೇ ಮಹಾಯುದ್ಧದ ಕಾಲದ ಬೆಂಗಳೂರಿನಲ್ಲಿ ಹಿಟ್ಲರನನ್ನು ಕಣ್ಣಾರೆ ಕಂಡವರಿರಲಿಲ್ಲ, ಹೆಲ್ತ್ ಇನ್‌ಸ್ಪೆಕ್ಟರನ್ನು ಕಾಣದವರಿರಲಿಲ್ಲ. ಖಾಕಿ ಚಡ್ಡಿ, ತಲೆಗೆ ಸೋಲಾ ಟೋಪಿ, ಸೈಕಲ್ಲಿನ ಹ್ಯಾಂಡಲಿಗೆ ನೇತುಬಿದ್ದ ಚೀಲದಲ್ಲಿ ಲ್ಯಾಕ್ಟೋಮೀಟರು, ಜೇಬಿನಲ್ಲಿ ನೋಟೀಸು ಪುಸ್ತಕ, ಹಿಂದೆ ಏದುಸಿರು ಬಿಡುತ್ತಾ ಓಡಿಬರುವ ಜವಾನ. ಬೀದಿ ತುದಿಯಲ್ಲಿ ಬೆಲ್ಲು ಕೇಳಿಸಿದರೆ ಸಾಕು, ಹೋಟೆಲಿನ ಮಾಣಿ ಓಡಿಬಂದು ಬೋಂಡದ ತಟ್ಟೆಗೆ ಬಟ್ಟೆ ಮುಚ್ಚುತ್ತಿದ್ದ. (ಆ ಬಟ್ಟೆಗಿಂತ ನೊಣಗಳೇ ಶುಚಿ.)

ಮೊದಲು ಸಾಹೇಬರಿಗೂ ಒಂದು ಹೆದರಿಕೆ ಇತ್ತು. ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲರು ಬೆಳಗಾಗೆದ್ದು ಊರು ಸುತ್ತಿ, ಯಾವ ಬೀದಿಯ ಕಸ ಎತ್ತಿಲ್ಲ ಎಂದು ಖುದ್ದಾಗಿ ನೋಡುವವರು. 1941ರಲ್ಲಿ ಅವರು ದಿವಾನಗಿರಿ ಬಿಟ್ಟರು. ಸಾಹೇಬರ ನಿದ್ದೆ ಅರ್ಧ ಗಂಟೆ ಬೆಳೆಯಿತು. ಹೆದರಿಕೆಯ ಜಾಗಕ್ಕೆ ಒಂದು ಮಂತ್ರ ಬಂತು: "ಯುದ್ಧಕಾಲ ಕಣ್ರೀ!" ಮುನಿಸಿಪಾಲಿಟಿಯ ಚರಂಡಿ ಕಟ್ಟಿಕೊಂಡಿದೆ ಎಂದರೆ, "ಯುದ್ಧಕಾಲ ಕಣ್ರೀ, ಆಳು ಎಲ್ಲಿಂದ ತರಲಿ?" ನಿಮ್ಮ ಹಿತ್ತಲಲ್ಲಿ ಎಂಜಲೆಲೆ ಬಿದ್ದಿದ್ದರೆ, "ಯುದ್ಧಕಾಲ ಕಣ್ರೀ, ದಂಡ ಕಟ್ಟಿ!"

ಅವರನ್ನೂ ಪೂರ್ತಿ ದೂರುವಂತಿಲ್ಲ. ಮಲೇರಿಯಾಕ್ಕೆಂದು ಲೋಕಕ್ಕೆಲ್ಲ ಬೇಕಾದ ಕ್ವಿನೈನಿನಲ್ಲಿ ಆಗ ಹತ್ತಕ್ಕೆ ಒಂಬತ್ತು ಪಾಲು ಜಾವಾದ್ದು. 1942ರಲ್ಲಿ ಜಾವಾ ಜಪಾನಿನ ಪಾಲಾಯಿತು. ಸೊಳ್ಳೆ ಸಾಯಲೆಂದು ಚರಂಡಿಗೆ ಸುರಿಯಬೇಕಾದ ಸೀಮೆಎಣ್ಣೆ ಮನೆಯ ಬುಡ್ಡಿಗೇ ಸಾಲದು. ಉಳಿದದ್ದು ನೋಟೀಸೊಂದೇ, ಅದಕ್ಕೂ ಕಾಗದದ ಬರ. ದೇವಿ (ಸಿಡುಬಿನ ಲಸಿಕೆ) ಹಾಕಿದ ಹಳೇ ರಿಜಿಸ್ಟರಿನ ಹಾಳೆ ಹರಿದು ಮಗುಚಿ ಬರೆಯುವುದು: ಒಂದು ಮಗ್ಗುಲಲ್ಲಿ ಮಕ್ಕಳ ಹೆಸರು, ಇನ್ನೊಂದು ಮಗ್ಗುಲಲ್ಲಿ ದಂಡ ಕಟ್ಟಬೇಕಾದ ಅಪ್ಪಂದಿರ ಹೆಸರು.

ಸಾಹೇಬರ ನಿಜವಾದ ವೈಭವ ನೋಡಬೇಕಾದರೆ ಬೆಳಗ್ಗೆ ಹಾಲಿನವಳು ಬರುವ ಹೊತ್ತಿಗೆ ಹೋಗಬೇಕು.

"ಏನಮ್ಮಾ, ಇವತ್ತು ಎಷ್ಟು ನೀರು?"

"ನನ್ನ ಯಾಕೆ ಕೇಳ್ತೀರಾ ಸಾಮಿ? ನಿಮ್ಮ ಗಾಜಿನ ಕಡ್ಡೀನೇ ಕೇಳಿ."

ಸಾಹೇಬರು ಲ್ಯಾಕ್ಟೋಮೀಟರನ್ನು ಪಂಚೆಯಿಂದ ಒರೆಸುವಂತೆ ಜವಾನನಿಗೆ ಹೇಳಿ, ಹಾಲಿಗೆ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ಬಗ್ಗುತ್ತಿದ್ದರು. ನೀರು ಬೆರೆತರೆ ಕಡ್ಡಿ ಮುಳುಗುತ್ತದೆ. ಕೆನೆ ತೆಗೆದರೆ ಹಾಲಿನ ತೂಕ ಏರಿ ಕಡ್ಡಿ ಮೇಲೇಳುತ್ತದೆ. ಮೊದಲು ಕೆನೆ ತೆಗೆದು, ಆಮೇಲೆ ಹದವಾಗಿ ನೀರು ಹಾಕಿದರೆ ಕಡ್ಡಿ ನಿಲ್ಲಬೇಕಾದಲ್ಲೇ ನಿಲ್ಲುತ್ತದೆ. ಇಷ್ಟು ವಿಜ್ಞಾನ ಹಾಲಿನವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತು ಅನ್ನುವುದು ಸಾಹೇಬರಿಗೂ ಗೊತ್ತಿತ್ತು. ಕೆನೆಗೆ ದಂಡಿನ (ಕಂಟೋನ್ಮೆಂಟಿನ) ಕಡೆ ಒಳ್ಳೆ ಬೆಲೆ. ಸೋಲ್ಜರುಗಳು ತುಂಬಿದ್ದ ಕಾಲ. ದಂಡು ಬ್ರಿಟಿಷರದ್ದು, ಸಾಹೇಬರ ಅಧಿಕಾರ ಅಲ್ಲಿಗೆ ದಾಟದು. "ಹಾಲು ಸರಿಯಾಗಿದೆ" ಎಂದು ಬರೆದು ಸೈಕಲ್ ಹತ್ತುತ್ತಿದ್ದರು. ಕಡ್ಡಿಗೆ ವಿರುದ್ಧ ಸಾಕ್ಷಿ ಹೇಳುವವರಲ್ಲ.

1942ರ ಏಪ್ರಿಲಿನಲ್ಲಿ ವಿಶಾಖಪಟ್ಟಣ, ಕಾಕಿನಾಡದ ಮೇಲೆ ಜಪಾನಿನ ಬಾಂಬು ಬಿತ್ತು. ವಿಮಾನ ಬಂದರೆ ಅಡಗಲು ಊರೂರಲ್ಲಿ ಎ.ಆರ್.ಪಿ.ಯವರು (ವಿಮಾನದಾಳಿ ಮುನ್ನೆಚ್ಚರಿಕೆಯವರು) ಟ್ರೆಂಚು ತೋಡಿಸಿದರು. ಬೆಂಗಳೂರಿಗೆ ಬಾಂಬು ಬರಲಿಲ್ಲ, ಮಳೆ ಬಂತು. ಗುಂಡಿ ತುಂಬಿತು, ಸೊಳ್ಳೆಮರಿ ಕುಣಿದವು. ಮುಂದಿನದು ಯಾವ ಕಡತದಲ್ಲೂ ಸಿಗುವುದಿಲ್ಲ, ನಾನೇ ಬರೆದುಕೊಂಡದ್ದು. ಆದರೆ ಸಾಹೇಬರನ್ನು ಬಲ್ಲವರು ಅಲ್ಲಗಳೆಯಲಾರರು.

ಸಾಹೇಬರು ಎ.ಆರ್.ಪಿ.ಗೇ ನೋಟೀಸು ಜಾರಿ ಮಾಡಿದರು. ಅದು ನಾಲ್ಕು ಮೇಜು ಸುತ್ತಿ "ಅಗತ್ಯ ಕ್ರಮಕ್ಕಾಗಿ" ಎಂಬ ಷರಾ ಹೊತ್ತು ಅವರ ಮೇಜಿಗೇ ಬಂತು. ಸೀಮೆಎಣ್ಣೆ ಇಲ್ಲ, ಸರಿ, ಮೀನು ಬಿಟ್ಟರು: ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯ, 1928ರಲ್ಲಿ ಇಟಲಿಯಿಂದ ಬೆಂಗಳೂರಿಗೆ ತಂದ ಸಂತತಿ. ಮೇಲಿನ ಗುಮಾಸ್ತರಿಗೆ ಮೀನಿನ ಮೂಲ ಎಲ್ಲಿಂದಲೋ ತಿಳಿದುಹೋಯಿತು. ಇಟಲಿಯ ಯುದ್ಧಕೈದಿಗಳು ಜಾಲಹಳ್ಳಿಯ ತಂತಿಬೇಲಿಯೊಳಗೆ ಕುಳಿತಿರುವಾಗ ಇಟಲಿಯ ಮೀನು ಟ್ರೆಂಚಿನಲ್ಲಿ ಸ್ವೇಚ್ಛೆಯಾಗಿ ಈಜುವುದೇ? "ಶತ್ರುದೇಶದ ಮೂಲದ್ದಾದ ಕಾರಣ ಮೇಲಧಿಕಾರಿಗಳ ಅನುಮತಿ ಪಡೆಯಲಾಗಿದೆಯೇ?" ಎಂದು ಕೆಂಪು ಶಾಯಿಯಲ್ಲಿ ಕೇಳಿದರು.

ಕಡತ ಮತ್ತೆ ಸುತ್ತಿ ಬರುವಷ್ಟರಲ್ಲಿ 1943ರ ಸೆಪ್ಟೆಂಬರು, ಇಟಲಿಯೇ ಶರಣಾಗಿತ್ತು. ಸಾಹೇಬರು ಅಂಚಿನಲ್ಲಿ ಷರಾ ಬರೆದರು: "ಸದರಿ ಮೀನು ಈಗ ಶತ್ರುಪಕ್ಷವಲ್ಲ. ಆದರೆ ಗುಂಡಿಯಲ್ಲೂ ಇಲ್ಲ. ಬೀದಿ ಹುಡುಗರು ಟವೆಲ್ಲು ಹಾಕಿ ಹಿಡಿದುಕೊಂಡು ಹೋಗಿರುತ್ತಾರೆ. ಅವರ ತಂದೆಯರಿಗೆ ನೋಟೀಸು ಜಾರಿ ಮಾಡಲಾಗಿದೆ."