ಜೂನ್ 1ರ ಜಾತಕ

ದೇವಸುಗೂರಿನ ಸೂಗೂರೇಶ್ವರ ಗುಡಿಯ ಕಟ್ಟೆಯ ಮೇಲೆ, ಸಮೀಪದ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ, ಎಂದರೆ ಕಲ್ಲಿದ್ದಲು ಸುಟ್ಟ ಉಗಿಯಿಂದ ಟರ್ಬೈನ್ ತಿರುಗಿಸುವ ಸ್ಥಾವರದ, ಇಬ್ಬರು ನೌಕರರು ಆಡಿಕೊಳ್ಳುವ ಮಾತು ಸಾಮಾನ್ಯವಾಗಿ ವಯೋನಿವೃತ್ತಿಯನ್ನು, ಅಂದರೆ 60 ತುಂಬಿದೊಡನೆ ಕೇಳದೆಯೇ ದೊರೆಯುವ ಬಿಡುಗಡೆಯನ್ನು, ಕುರಿತಾಗಿರುತ್ತದೆ.

“ಕಾಕಾ, ನಿಮ್ದು ಯಾವಾಗ್ರೀ?”

“ಮೇ 31ಕ್ಕಪ್ಪಾ. ಜ್ವಾಳದ ಸುಗ್ಗ್ಯಾಗ ಹುಟ್ಟಿದಿ ಅಂತಿದ್ಲು ಅವ್ವ. ಹೆಡ್‌ಮಾಸ್ತರು ಜೂನ್ 1 ಬರದ್ರು.”

“ಹಂಗಾದ್ರ ಸರ್ವಿಸ್ ಹೆಚ್ಚಾತೋ, ಕಡಿಮಿ ಆತೋ?”

“ಯಾವ ವರ್ಷದ ಸುಗ್ಗಿ ಅಂತ ಅವ್ವಗೂ ನೆನಪಿದ್ದಿಲ್ಲ.”

ಶಾಲೆ ತೆರೆಯುವ ಕಾಲಕ್ಕೆ ಅನುಕೂಲವಾಗುವಂತೆ ಮಾಸ್ತರರು ಜೂನ್ 1ನ್ನು ಧಾರಾಳವಾಗಿ ಹಂಚಿದ್ದರಿಂದಲೂ, ತಿಂಗಳ ಮೊದಲ ದಿನ ಜನಿಸಿದವನು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬ ನಿಯಮವಿರುವುದರಿಂದಲೂ, ಒಂದು ಪೀಳಿಗೆಯ ಬಹುಭಾಗವು ರಾಯಚೂರಿನ ಬಿಸಿಲು ಇಳಿಯುವ ಮೊದಲೇ ಶಾಲು ಹೊದ್ದು ಬೆವರುತ್ತ, ವಿಶ್ರಾಂತಿಯ ಸುಖವನ್ನು ಕುರಿತ ಭಾಷಣಗಳನ್ನು ಆಲಿಸಬೇಕಾಗುತ್ತದೆ.

“1985ರಾಗ ಸುರು ಆದ ಒಂದನೇ ಯೂನಿಟ್ಟಿಗೆ 25 ವರ್ಷ ಆಯುಷ್ಯ ಅಂತಿದ್ರು. ಅದು ಮುಗದ ಮ್ಯಾಲೂ ದುಡೀತಲ್ರೀ?”

“ಅದು ಸಾಲಿಗೆ ಹೋಗಿದ್ದಿಲ್ಲ ಬಿಡಪ್ಪಾ.”